ಕಛೇರಿಯ ದಿನ ಹಾಕಿದ ತಂತಿ

ಹೊಳೆಯ ಮೆಟ್ಟಿಲುಗಳ ಮೇಲಿನ ಚಿಕ್ಕ ಮನೆಯಲ್ಲಿ ಅನಂತಯ್ಯ ಎಂಬ ಗುರುಗಳು ಎಲೆಕ್ಟ್ರಿಕ್ ಗಿಟಾರಿನಲ್ಲಿ ರಾಗ ನುಡಿಸುವುದನ್ನು ಕಲಿಸುತ್ತಿದ್ದರು.

ಒಂದು ಬೆಳಿಗ್ಗೆ ಶಿಷ್ಯ ಧರಣೇಂದ್ರ ಬಂದು ಬಾಗಿಲಲ್ಲೇ ಕುಳಿತ. ನಲವತ್ತು ದಾಟಿದ ಗಂಡಸು, ಏಟು ತಿಂದ ಮಗುವಿನ ಹಾಗೆ ಮುಖ ಮಾಡಿಕೊಂಡಿದ್ದ.

"ಗುರುಗಳೇ, ಕಛೇರಿಯ ದಿನವೇ ತಂತಿ ಬದಲಾಯಿಸಿಬಿಟ್ಟೆ."

"ಮೂರು ದಿನ ಮುಂಚೆ ಹಾಕು ಅಂತ ಹೇಳಿರಲಿಲ್ಲವೇನಯ್ಯ?"

"ಹೇಳಿದ್ದಿರಿ. ಹೊಸ ತಂತಿಯ ನಾದಕ್ಕೆ ಆಸೆಪಟ್ಟೆ. ಅರ್ಧ ಕಛೇರಿಗೆ ನನ್ನ ಶ್ರುತಿ ಇಳಿದಿತ್ತು, ನನಗೆ ಗೊತ್ತಾಗಲಿಲ್ಲ. ಗಿಟಾರಿನ ಅಬ್ಬರದಲ್ಲಿ ತಂಬೂರಿ ಕೇಳಿಸಲಿಲ್ಲ. ಮೈಕಿನಲ್ಲೇ ನೇಮಿರಾಜನಿಗೆ, 'ನಿನ್ನ ಮೃದಂಗದ ಶ್ರುತಿ ಏರಿಬಿಟ್ಟಿದೆ, ಮೊದಲು ಅದನ್ನ ಸರಿಮಾಡ್ಕೋ' ಅಂದೆ. ಜನ ನಕ್ಕರು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಮೈಕಿನಲ್ಲಿ ಆಡಿದ ಮಾತಿನ ಗತಿ ಕೇಳಬೇಕೆ! ನೇಮಿರಾಜ ಹದಿನೆಂಟು ವರ್ಷದಿಂದ ಇವನ ಪಕ್ಕದಲ್ಲಿ ಕುಳಿತು ನುಡಿಸುತ್ತ ಬಂದ ಗೆಳೆಯ.

"ಕ್ಷಮೆ ಕೇಳಿದೆಯಾ?"

"ಮರುದಿನವೇ ಹೋದೆ. ಕಾಫಿ ಕೊಟ್ಟ. 'ಆಯ್ತು ಬಿಡಿ' ಅಂದ. ಇಷ್ಟು ವರ್ಷ ಹೋಗೋ ಬಾರೋ ಅಂದವನು ನನಗೆ 'ಬಿಡಿ' ಅಂದ ಗುರುಗಳೇ! ಈಗ ಫೋನೂ ಎತ್ತುತ್ತಿಲ್ಲ. ನಾನು ಕೇಳಬೇಕಾದ್ದು ಕೇಳಿದ್ದಾಯಿತು. ಇನ್ನೇನು ಮಾಡಲಿ?"

ಗುರುಗಳು ತಮ್ಮ ಗಿಟಾರನ್ನು ಅವನ ತೊಡೆಯ ಮೇಲಿಟ್ಟರು. "ಇದರ ಮೊದಲನೇ ತಂತಿ ಬದಲಾಯಿಸು."

ಧರಣೇಂದ್ರ ಹಳೆಯ ತಂತಿ ಬಿಚ್ಚಿದ. ಹೊಸದನ್ನು ತೂರಿಸಿ, ಬಿರಡೆಗೆ ಸುತ್ತಿ, ಶ್ರುತಿ ಸೇರಿಸಿದ.

"ಮೀಟು."

ನಾಲ್ಕು ಸಲ ಮೀಟುವಷ್ಟರಲ್ಲಿ ತಂತಿ ಇಳಿಯಿತು.

"ಮತ್ತೆ ಸೇರಿಸು."

ಸೇರಿಸಿದ. ಇಳಿಯಿತು. ಬೆರಳಿನಿಂದ ಮೆಲ್ಲಗೆ ಎಳೆದು ಮತ್ತೆ ಸೇರಿಸಿದ. ಮತ್ತೆ ಇಳಿಯಿತು. ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದವರು ಒಗೆದು ಮುಗಿಸಿ ಮನೆಗೆ ಹೋದರು. ಇವನ ಕೆಲಸ ಮುಗಿಯಲಿಲ್ಲ.

"ಒಂದು ಸಲ ಸರಿಮಾಡಿದ ಮೇಲೆ ನಿಲ್ಲಬಾರದೇ ಇದು?" ಎಂದು ಧರಣೇಂದ್ರ ರೇಗಿದ.

"ಎಳೆದು ಕಟ್ಟಿದವನು ನೀನು. ಅದರ ಮೇಲೆ ಯಾಕೆ ರೇಗುತ್ತೀಯ?"

ಧರಣೇಂದ್ರನ ಕೈ ಬಿರಡೆಯ ಮೇಲೆ ನಿಂತಿತು. ಅವನಿಗೆ ನಾಚಿಕೆಯಾಯಿತು, ಅಳುವೂ ಬಂತು.

"ನೇಮಿರಾಜ ಬಾಗಿಲೇ ತೆಗೆಯದಿದ್ದರೆ?"

"ಜಗಲಿ ಇದೆಯಲ್ಲ, ಕೂತಿರು."

"ಎಷ್ಟು ಸಲ ಅಂತ ಹೋಗಲಿ ಗುರುಗಳೇ?"

ಅನಂತಯ್ಯನವರು ಬಿಚ್ಚಿಟ್ಟಿದ್ದ ಹಳೆಯ ತಂತಿಯನ್ನು ಎತ್ತಿಕೊಂಡು ಸುತ್ತತೊಡಗಿದರು.

"ನನಗೂ ಒಬ್ಬ ಪಿಟೀಲಿನವನಿದ್ದ. ಹೀಗೇ ಒಂದು ಮಾತು ಆಡಿಬಿಟ್ಟಿದ್ದೆ. ಅವನು ತೀರಿಕೊಂಡು ಹನ್ನೊಂದು ವರ್ಷವಾಯಿತು," ಎಂದರು. "ನಾನು ಒಂದೇ ಸಲ ಹೋಗಿದ್ದೆ."