ಹೊಸ ಪಂಪಿನ ಮೇಲೆ ಗುಮಾನಿ

ಗದಗಿನ ಹಾಲಪ್ಪನವರು ಹತ್ತು ವರ್ಷ ನಿಂತೇ ಇದ್ದ ಹಳೇ ಕಾರೊಂದನ್ನು ಮನೆಯ ಅಂಗಳದಲ್ಲಿ ದುರಸ್ತಿ ಮಾಡುತ್ತಿದ್ದರು. ಪೆಟ್ರೋಲ್ ಎಳೆಯಲು ಹೊಸ ಪಂಪು ಹಾಕಿದರು. ಇಂಜಿನ್ ಶುರುವಾಯಿತು, ಎರಡೇ ನಿಮಿಷಕ್ಕೆ ನಿಂತಿತು. ಮರುದಿನವೂ ಅದೇ ಕಥೆ.

"ಇವನು ಬಂದಾಗಿನಿಂದ ನನ್ನ ಗಂಟಲು ಒಣಗುತ್ತಿದೆ," ಎಂದಿತು ಇಂಜಿನ್ನಿಗೆ ಪೆಟ್ರೋಲ್ ಉಣಿಸುವ ಕಾರ್ಬುರೇಟರ್.

"ಎಲ್ಲಿಯವನೋ ಏನೋ! ನಾನು ಕಳಿಸಿದ್ದನ್ನು ದಾರಿಯಲ್ಲೇ ಕುಡಿಯುತ್ತಿರಬೇಕು," ಎಂದಿತು ಎಲ್ಲರಿಗಿಂತ ಹಳೆಯದಾದ ಪೆಟ್ರೋಲ್ ಟ್ಯಾಂಕು.

"ಅಜ್ಜ, ನೀವು ಕಳಿಸಿದ್ದು ನನ್ನ ತನಕ ಬರುತ್ತಲೇ ಇಲ್ಲ. ನಡುವಿನ ಪೈಪನ್ನು ಒಮ್ಮೆ ನೋಡಬಾರದೇ?" ಎಂದಿತು ಪಂಪು.

"ಕೇಳಿದಿರಾ? ಈಗ ಬಡ ಪೈಪಿನ ಮೇಲೆ ತಪ್ಪು ಹೊರಿಸುತ್ತಿದ್ದಾನೆ!" ಎಂದಿತು ಟ್ಯಾಂಕು.

ಹಾಲಪ್ಪನವರಿಗೂ ಪಂಪಿನ ಮೇಲೇ ಗುಮಾನಿ. "ಈಗಿನ ಮಾಲೆಲ್ಲಾ ಖೊಟ್ಟಿ," ಎಂದು ಅದನ್ನು ಬಿಚ್ಚಿ ಗುಜರಿ ಡಬ್ಬಿಗೆ ಎಸೆದರು. ಹಳೇ ಪಂಪನ್ನೇ ತೊಳೆದು ಕೂರಿಸಿದರು. ಇಂಜಿನ್ ಮತ್ತೆ ಎರಡೇ ನಿಮಿಷಕ್ಕೆ ನಿಂತಿತು.

ನೋಡುತ್ತ ನಿಂತಿದ್ದ ಹೆಂಡತಿ ಶಂಕ್ರವ್ವ, "ಹೊಸದಕ್ಕ ಯಾಕ ಬೈತೀರಿ? ಟ್ಯಾಂಕ್ ಇಳಿಸಿ ನೋಡ್ರಿ," ಎಂದಳು.

ಟ್ಯಾಂಕನ್ನು ಇಳಿಸಿ ಬೋರಲು ಹಾಕಿದಾಗ ಬೊಗಸೆ ತುಂಬ ತುಕ್ಕು ಉದುರಿತು. ಪೈಪಿನ ತುಂಬ ಅದೇ ತುಕ್ಕು. ಹಾಲಪ್ಪನವರು ಎಲ್ಲವನ್ನೂ ತೊಳೆದರು. ಡಬ್ಬಿಯಿಂದ ಹೊಸ ಪಂಪನ್ನು ಎತ್ತಿ, ಒರೆಸಿ, ಮತ್ತೆ ಕೂರಿಸಿದರು. ಈ ಸಲ ಇಂಜಿನ್ ನಿಲ್ಲಲಿಲ್ಲ.

"ಹೊಟ್ಟೆಯೊಳಗೆ ಅಷ್ಟು ತುಕ್ಕು ಇದ್ದದ್ದು ನಿಮಗೆ ಗೊತ್ತೇ ಇರಲಿಲ್ಲವೇ, ಅಜ್ಜ?" ಎಂದು ಕೇಳಿತು ಕಾರ್ಬುರೇಟರ್.

"ಗೊತ್ತಿತ್ತು," ಎಂದಿತು ಟ್ಯಾಂಕು. "ಹೊಸಬನೊಬ್ಬ ಸಿಕ್ಕಿದ್ದರಿಂದ ಹೇಳುವ ಪ್ರಸಂಗ ಬರಲಿಲ್ಲ."