ಗವರ್ನರ್ ಬಾಯಿಗೆ ಮಾತು

ಇಸ್ತಾಂಬುಲ್ ನಗರದಲ್ಲಿ ಸಬ್ರಿ ಎಂಬ ಪತ್ರಕರ್ತನಿದ್ದ. ಹಗಲು ಪತ್ರಿಕೆಗೆ ಬರೆಯುವನು, ಸಂಜೆ ನಾಟಕ ಬರೆಯುವನು. ಅವನ ಹೊಸ ನಾಟಕದಲ್ಲಿ ಒಬ್ಬ ಪೆದ್ದ ಗವರ್ನರ್ ಇದ್ದ. ಆಗೆಲ್ಲ ಸರ್ಕಾರದ ಮೊಹರು ಬೀಳದೆ ಯಾವ ನಾಟಕವನ್ನೂ ಆಡುವಂತಿರಲಿಲ್ಲ. ಮೊಹರು ಒತ್ತುವ ಹುಲೂಸಿ ಸಾಹೇಬರು ಓದಿ ಕೆಂಡವಾದರು.

"ಗವರ್ನರ್ ಬಾಯಲ್ಲಿ ಇಂಥ ಮಾತೇ? ಅವನದು ಒಂದು ಮಾತೂ ಇರಕೂಡದು. ಇದ್ದರೆ ನಾಟಕವೂ ಇಲ್ಲ, ನಿನ್ನ ಪತ್ರಿಕೆಯೂ ಇಲ್ಲ."

"ಅಪ್ಪಣೆ ಸಾಹೇಬರೇ," ಎಂದ ಸಬ್ರಿ.

ನಾಟಕದ ದಿನ ಗವರ್ನರ್ ಪಾತ್ರಧಾರಿ ಬಂದು ಕುರ್ಚಿಯಲ್ಲಿ ಕೂತ. ಹೆಂಗಸೊಬ್ಬಳು ಕೈಮುಗಿದು, "ಸ್ವಾಮಿ, ನಮ್ಮ ಬೀದಿಗೆ ನೀರಿಲ್ಲ," ಎಂದಳು. ಗವರ್ನರ್ ಚಹಾ ಹೀರಿದ. "ಬಾವಿಯೂ ಬತ್ತಿದೆ," ಎಂದಳು. ಗವರ್ನರ್ ಕೈಸನ್ನೆ ಮಾಡಿ ಇನ್ನೊಂದು ಲೋಟ ಚಹಾ ತರಿಸಿಕೊಂಡ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಗವರ್ನರನೂ ಹೀಗೇ ಅಲ್ಲವೇ ಎಂದು ಪಕ್ಕದವರನ್ನು ತಿವಿದರು.

ಮರುದಿನ ಸಾಹೇಬರು ಸಬ್ರಿಯನ್ನು ಕರೆಸಿದರು. "ಅವನಿಗೆ ಏನಾದರೂ ಮಾತು ಕೊಡಯ್ಯ. ಸುಮ್ಮನಿದ್ದರೆ ಇನ್ನೂ ಪೆದ್ದನಾಗಿ ಕಾಣುತ್ತಾನೆ."

"ನನ್ನ ಕೈಯಲ್ಲಿ ಮತ್ತೆ ತಪ್ಪಾದೀತು. ತಾವೇ ಬರೆದುಕೊಡಿ. ಒಂದಕ್ಷರ ಬದಲಿಸುವುದಿಲ್ಲ."

ಸಾಹೇಬರು ಗಂಭೀರವಾಗಿ ಬರೆದುಕೊಟ್ಟರು. ಸಂಜೆ ಮುಂದಿನ ಸಾಲಿನಲ್ಲೇ ಬಂದು ಕೂತರು. ಹೆಂಗಸು ನೀರಿಲ್ಲ ಎಂದಳು. ಗವರ್ನರ್ ಎದ್ದುನಿಂತು ಎದೆಯುಬ್ಬಿಸಿ ಹೇಳಿದ:

"ನೀರಿಲ್ಲ ಎಂಬುದು ಶುದ್ಧ ಸುಳ್ಳು. ನಾನು ಈಗತಾನೇ ಸ್ನಾನ ಮಾಡಿ ಬಂದಿದ್ದೇನೆ."

ಸೂರು ಹಾರಿಹೋಗುವಂತೆ ಜನ ನಕ್ಕರು. ಚಪ್ಪಾಳೆ ನಿಲ್ಲಲೇ ಇಲ್ಲ. ಸಾಹೇಬರು ಹಿಂದೆ ತಿರುಗಿ ನೋಡಿದರು. ಮೆಲ್ಲಗೆ ಎದ್ದರು. ಜನರತ್ತ ತಲೆಬಾಗಿ ವಂದಿಸಿದರು.

ಹೊರಗೆ ಹೋಗುವಾಗ ಸಬ್ರಿಯ ಹೆಗಲ ಮೇಲೆ ಕೈಯಿಟ್ಟರು. "ಬೇಗ ಇನ್ನೊಂದು ನಾಟಕ ಬರಿ. ಗವರ್ನರ್ ಮಾತು ಮಾತ್ರ ನನಗೆ ಬಿಡು."