ಜವರ ಹೊನ್ನಿಯನ್ನ ಕರ್ಕೊಂಡು ಬಂದದ್ದು

ಹೂಂ ಅನ್ನೋಕೆ ಒಬ್ಬರಾದ್ರೂ ಎಚ್ಚರ ಇರಿ, ಹೇಳ್ತೀನಿ.

ದ್ಯಾವಮ್ಮ ಅಂತ ಒಬ್ಬ ಮುದುಕಿ. ಅವಳಿಗೆ ಒಬ್ಬನೇ ಮಗ, ಜವರ. ಆಳು ನೋಡಿದ್ರೆ ಆನೆ, ಬುದ್ಧಿ ನೋಡಿದ್ರೆ ಸೊನ್ನೆ. "ಒಲೆ ಮೇಲೆ ಹಾಲಿದೆ, ನೋಡ್ಕೊಳ್ಳೋ" ಅಂದ್ರೆ ಹಾಲು ಉಕ್ಕಿ ಒಲೆ ಆರೋ ತನಕ ನೋಡ್ತಾನೇ ನಿಂತಿರೋನು.

ಅವನಿಗೂ ಮದುವೆ ಆಯ್ತು, ಒಂದು ಹೆಣ್ಣು ಮಗು ಆಯ್ತು. ಹೊನ್ನಿ ಅಂತ ಹೆಸರಿಟ್ರು. ಮಗೂಗೆ ಆರು ತಿಂಗಳು ತುಂಬೋಷ್ಟರಲ್ಲಿ ತಾಯಿ ಚಳಿಜ್ವರದಲ್ಲಿ ತೀರ್ಕೊಂಡ್ಳು. ಅವಳ ಅಕ್ಕ ಚೌಡಮ್ಮ ಹೊಳೆಯಾಚೆ ಊರಲ್ಲಿದ್ಳು, ಅವಳಿಗೂ ಎದೆಹಾಲು ಕುಡಿಯೋ ಕೂಸಿತ್ತು. "ನನ್ನ ಕೂಸಿನ ಜೊತೆ ಇದೂ ಕುಡೀಲಿ. ನಾಲ್ಕು ವರ್ಷ ತುಂಬಲಿ, ಬಂದು ಕರ್ಕೊಂಡು ಹೋಗಿ" ಅಂತ ಸೆರಗಲ್ಲಿ ಸುತ್ಕೊಂಡು ಹೋದ್ಳು.

ದ್ಯಾವಮ್ಮನಿಗೆ ಸೊಂಟ ನೋವು, ಹೊಳೆ ದಾಟೋ ಹಂಗಿರಲಿಲ್ಲ. ದಿನಾ ಬಾಗಿಲಲ್ಲಿ ಕೂತು ಹೊಳೆ ಕಡೆ ನೋಡೋಳು. ಬೀದೀಲಿ ಯಾರ ಮಗು ಅತ್ರೂ ಅವಳ ಜೀವ ಚುರ್ ಅನ್ನೋದು. "ಈಗ ಹಲ್ಲು ಬಂದಿರುತ್ತೆ. ಈಗ ನಡೀತಿರುತ್ತೆ. ಈಗ ಮಾತು ಕಲ್ತಿರುತ್ತೆ. ಯಾರನ್ನ ಅಜ್ಜಿ ಅಂತ ಕರೀತಾ ಇದ್ಯೋ!"

ಅಂತೂ ನಾಲ್ಕು ತುಂಬ್ತು. "ಮಗಾ, ಹೋಗಿ ನಮ್ಮ ಹೊನ್ನೀನ ನೋಡ್ಕೊಂಡು ಬಾರೋ" ಅಂದ್ಳು. ಜೊತೇಲಿ ಕರ್ಕೊಂಡು ಬಾ ಅಂತ ಬೇರೆ ಹೇಳಬೇಕಾ? ಇವನಿಗೆ ಹೇಳಬೇಕಿತ್ತು! ಸಂಜೆ ಕೈ ಬೀಸ್ಕೊಂಡು ಬಂದ.

"ಮಗು ಎಲ್ಲೋ?"

"ಅಲ್ಲೇ ಅವಳೆ. ನೋಡ್ಕೊಂಡು ಬಾ ಅಂದೆ. ನೋಡ್ದೆ, ಬಂದೆ."

"ಅಯ್ಯೋ ನನ್ನ ಕರ್ಮವೇ! ಹೆಂಗವ್ಳೋ? ಯಾರ ಹಂಗವ್ಳೆ?"

"ಎರಡು ಕಣ್ಣು, ಒಂದು ಮೂಗು ಅವೆ ಕಣವ್ವ."

ಅಷ್ಟೇ ಸಿಕ್ಕಿದ್ದು ಮುದುಕಿಗೆ. ಅದನ್ನೇ ನೆನೆಸ್ಕೊಂಡು ಕಣ್ಣೊರೆಸ್ಕೊಂಡ್ಳು. "ನೋಡೋದಲ್ಲ ಕಣೋ! ನನ್ನ ಮರಿ ಮನೆ ಮುಂದೆ ಆಡ್ತಿರುತ್ತೆ. ಎತ್ತಿ ಹೆಗಲ ಮೇಲೆ ಹಾಕ್ಕೊಂಡು ಬಾ!"

"ಆಗ್ಲಿ ಕಣವ್ವ!"

ಮಾರನೇ ದಿನ ದ್ಯಾವಮ್ಮ ಪಾಯಸ ಮಾಡಿ ಬಾಗಿಲಲ್ಲಿ ಕೂತ್ಳು. ದೂರದಲ್ಲಿ ಜವರ ಕಂಡ. ಹೆಗಲ ಮೇಲೆ ಏನೋ ಮಿಸುಕಾಡ್ತಿತ್ತು. ಸೊಂಟದ ನೋವು ಮರೆತು ಎದ್ಳು, ಎರಡೂ ಕೈ ಚಾಚಿದ್ಳು. ಹತ್ರ ಬಂದದ್ದು "ಮ್ಯಾ" ಅಂತು!

"ಏನೋ ಇದು?"

"ಮರಿ! ಮನೆ ಮುಂದೆ ಎರಡು ಆಡ್ತಿದ್ವು. ಕರೇದು ಚೆನ್ನಾಗಿತ್ತು."

"ಅದು ಆಡಿನ ಮರಿ ಕಣೋ! ನಾನು ಹೇಳಿದ್ದು ಮನುಷ್ಯರ ಮರಿ! ವಾಪಸ್ ಕೊಟ್ಟು ಬಾ! ಹೊನ್ನೀ ಅಂತ ಹೆಸರು ಹಿಡಿದು ಕೂಗು. ಯಾರು ಓ ಅಂತಾಳೋ ಅವಳ ಕೈ ಹಿಡ್ಕೊ. ಮನೆ ಬರೋ ತನಕ ಬಿಡಬೇಡ!"

"ಆಗ್ಲಿ ಕಣವ್ವ!"

ಹೋದ, ಆಡಿನ ಮರಿ ಕೊಟ್ಟ, ಕೂಗ್ದ. "ಓ" ಅಂತ ಹೊನ್ನಿ ಓಡಿ ಬಂದ್ಳು. ಹಿಡ್ಕೊಂಡ. ಚೌಡಮ್ಮ ಹೊಳೆ ತನಕ ಬಂದು ಅತ್ತು ಕಳಿಸಿದ್ಳು. ದಾರೀಲಿ ಮಗು ಕಾಲಿಗೆ ಮುಳ್ಳು ಚುಚ್ತು. ಮನೆಗೆ ಬಂದಾಗ ಮಗು ಕುಂಟ್ತಾ, ಗೋಳೋ ಅಂತ ಅಳ್ತಿತ್ತು.

"ಮುಳ್ಳು ತೆಗೀಬಾರ್ದೇನೋ?"

"ತೆಗೆಯೋಕೆ ಎರಡು ಕೈ ಬೇಕಲ್ಲವ್ವ. ಒಂದನ್ನ ಬಿಡಬೇಡ ಅಂದಿದ್ದೆ."

ದ್ಯಾವಮ್ಮ ಮುಳ್ಳು ತೆಗೆದ್ಳು, ಮುಖ ತೊಳೆದ್ಳು, ಎದೆಗೆ ಅಪ್ಕೊಳ್ಳೋಕೆ ಹೋದ್ಳು. ಮಗು ಹಿಂದೆ ಸರೀತು. "ಇದ್ಯಾರು?" ಅಂತು.

ಯಾರು ಅಂತ ಹೇಳೋದು? ಮೂರೂವರೆ ವರ್ಷ ಬಾಗಿಲು ಕಾಯ್ದೋಳು ಅಂತ ಮಗೂಗೆ ಹೇಳಿದ್ರೆ ಅರ್ಥ ಆಗುತ್ತಾ?

"ನಿನ್ನಜ್ಜಿ ಕಣೇ" ಅಂದ್ರೂ ಎರಡು ದಿನ ಹೊನ್ನಿ ಮುದುಕಿ ಹತ್ರ ಸುಳೀಲಿಲ್ಲ. ಪಾಯಸ ಕೊಟ್ರೆ ಬೇಡ, ರೊಟ್ಟಿ ಕೊಟ್ರೆ ಅರ್ಧ. ಜಗಲಿ ಮೇಲೆ ಕೂತು ಒಂದೇ ಮಾತು. "ಮನೆಗೆ ಹೋಗ್ತೀನಿ." ಹೊಳೆ ಕಡೆ ನೋಡ್ತಾ ಕೂತ ಆ ಪುಟ್ಟ ಬೆನ್ನನ್ನ ದ್ಯಾವಮ್ಮ ಒಳಗಿಂದ ನೋಡಿದ್ಳು. ಹಂಗೆ ಕೂರೋದು ಏನು ಅಂತ ಅವಳಿಗಿಂತ ಯಾರಿಗೆ ಗೊತ್ತು?

ಮೂರನೇ ಬೆಳಿಗ್ಗೆ ಎದೆ ಮೇಲೆ ಕಲ್ಲಿಟ್ಕೊಂಡು ಅಂದ್ಳು: "ಬೇಡ ಮಗಾ. ಕೂಸು ಸೊರಗ್ತಾ ಇದೆ. ಇವಳನ್ನ ಇವಳ ಮನೆಗೆ ಬಿಟ್ಟು ಬಾ."

"ಆಗ್ಲಿ ಕಣವ್ವ!" ಜವರ ಮಗಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಹೊರಟ. ದ್ಯಾವಮ್ಮ ಗೋಡೆ ಕಡೆ ತಿರುಗಿ ಮಲಗಿದ್ಳು. ಹೋಗೋದನ್ನ ನೋಡೋಕೆ ಆಗ್ಲಿಲ್ಲ.

ಹೊತ್ತು ನೆತ್ತಿಗೆ ಬಂತು. ಬಾಗಿಲಲ್ಲಿ ಜವರನ ದನಿ: "ಅವ್ವಾ, ಬಿಟ್ಟೆ!"

"ಇಷ್ಟು ಬೇಗ ಎಲ್ಲಿ ಬಿಟ್ಯೋ?"

"ಇಲ್ಲೇ!"

ಗಡಬಡಿಸಿ ಎದ್ದು ನೋಡಿದ್ರೆ ಹೊಸ್ತಿಲ ಮೇಲೆ ಹೊನ್ನಿ!

"ಹೊಳೆಯಾಚೇದು ಚೌಡಮ್ಮನ ಮನೆ, ಇವಳ ಮನೆ ಯಾವುದು ಅಂತ ಗೊತ್ತಾಗ್ಲಿಲ್ಲ ಕಣವ್ವ. ಊರೆಲ್ಲ ಸುತ್ತಿ ಬಾವಿ ಹತ್ರ ನೀರು ಸೇದೋರ್ನ ಕೇಳ್ದೆ. 'ಇವಳು ಯಾರ ಮಗಳೋ?' ಅಂದ್ರು. 'ನನ್ನ ಮಗಳು' ಅಂದೆ. 'ಹಂಗಾದ್ರೆ ನಿನ್ನ ಮನೇನೇ ಇವಳ ಮನೆ ಅಲ್ವೇನೋ' ಅಂದ್ರು. ತಂದು ಬಿಟ್ಟೆ!"

ಹೊನ್ನಿ ಬಾಗಿಲು ನೋಡ್ತು, ಜಗಲಿ ನೋಡ್ತು, ಅಪ್ಪನ ಮುಖ ನೋಡ್ತು. "ಮತ್ತೆ ಇದೇ ಮನೆ!" ಅಂತ ಕಿಲಕಿಲ ನಕ್ಕುಬಿಡ್ತು. "ಅಪ್ಪ ಪೆದ್ದ. ಅಲ್ವಾ ಅಜ್ಜಿ?"

ಬೈಯೋಕೆ ಬಾಯಿ ತೆಗೆದಿದ್ದ ದ್ಯಾವಮ್ಮ, ಅಜ್ಜಿ ಅಂದದ್ದು ಕೇಳಿ, "ಹೂಂ ಕಣವ್ವ, ಪೆದ್ದ" ಅಂದ್ಳು.

"ಇನ್ನೊಂದ್ಸಲ ಮನೆಗೆ ಬಿಡಪ್ಪ!" ಅಂತು ಮಗು.

"ಆಗ್ಲಿ ಕಣವ್ವ!" ಅಂದ ಜವರ. ಮತ್ತೆ ಹೆಗಲಿಗೇರಿಸ್ಕೊಂಡ, ಮತ್ತೆ ಊರು ಸುತ್ತಿದ, ಮತ್ತೆ ಅದೇ ಬಾವಿ ಹತ್ರ ನಿಂತು ಇವಳ ಮನೆ ಯಾವುದು ಅಂತ ಕೇಳ್ದ, ಮತ್ತೆ ತಂದು ಬಿಟ್ಟ. ಹೊತ್ತು ಇಳಿಯೋಷ್ಟರಲ್ಲಿ ಏಳು ಸಲ ಬಿಟ್ಟ. ಏಳು ಸಲಾನೂ ದ್ಯಾವಮ್ಮ ಸೊಂಟ ಹಿಡ್ಕೊಂಡು ಬಾಗಿಲಿಗೆ ಬಂದು, "ಬಂದ್ಯಾ ನನ್ನವ್ವ, ಬಂದ್ಯಾ!" ಅಂತ ಕೈ ಚಾಚಿದ್ಳು.